ಒಂದೇ ಸೀತಾಫಲದ ಗಿಡ ಇಡುವವರಿಗೆ

ನರ್ಸರಿಗೆ ಹೋಗುತ್ತೀರಿ. ಬೊಗಸೆ ತುಂಬುವಂಥ ಸೀತಾಫಲದ ಫೋಟೊ ನೇತುಹಾಕಿರುತ್ತಾರೆ. "ಇದು ಸೆಲ್ಫ್ ಪಾಲಿನೇಷನ್ ತಳಿ ಮೇಡಂ, ಒಂದೇ ಗಿಡ ಸಾಕು, ತಾನೇ ಕಾಯಿ ಕಟ್ಟುತ್ತೆ" ಎನ್ನುತ್ತಾರೆ. ಕೇಳಿದ್ದೇ ತಡ, ದುಡ್ಡು ಎಣಿಸಿಕೊಟ್ಟು ಗಿಡವನ್ನು ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಬಂದೇಬಿಡುತ್ತೀರಿ. ತಳಿ ಯಾವುದು, ಎಲ್ಲಿ ಕಸಿ ಮಾಡಿದ್ದು, ಯಾವ ಮರದ ಕಡ್ಡಿ ಎಂದು ಒಂದು ಮಾತೂ ಕೇಳುವುದಿಲ್ಲ. ಒಂದು ಕೆ.ಜಿ. ಬದನೆಕಾಯಿ ಕೊಳ್ಳುವಾಗ ನಾಲ್ಕು ಸಲ ತಿರುಗಿಸಿ ನೋಡುವವರು, ಇಪ್ಪತ್ತು ವರ್ಷ ಹಿತ್ತಲಲ್ಲಿ ಇರಬೇಕಾದ ಮರವನ್ನು ಹೀಗೆ ತರಬಹುದೇ?

ಮೂರು ವರ್ಷ ನೀರು ಹೊಯ್ದ ಮೇಲೆ ಹೂ ಬರುತ್ತದೆ, ಉದುರುತ್ತದೆ. ಮತ್ತೆ ಬರುತ್ತದೆ, ಮತ್ತೆ ಉದುರುತ್ತದೆ. "ಇದು ಗಂಡು ಗಿಡ, ಕಡಿದುಹಾಕಿ" ಎಂದು ಪಕ್ಕದವರು ಹೇಳುತ್ತಾರೆ, ನೀವೂ ಮಚ್ಚು ಹುಡುಕುತ್ತೀರಿ. ದಯವಿಟ್ಟು ಮಚ್ಚು ಒಳಗಿಡಿ. ಸೀತಾಫಲದಲ್ಲಿ ಗಂಡು ಗಿಡ, ಹೆಣ್ಣು ಗಿಡ ಎಂದು ಬೇರೆ ಬೇರೆ ಇಲ್ಲ. ಪ್ರತಿ ಹೂವಿನಲ್ಲೂ ಎರಡೂ ಇವೆ. ತೊಡಕು ಇರುವುದು ಹೊತ್ತಿನಲ್ಲಿ.

ಒಂದು ಹೂವನ್ನು ಕೈಯಲ್ಲಿ ಹಿಡಿದು ನೋಡಿ. ತಲೆ ಕೆಳಗೆ ಮಾಡಿ ತೂಗುತ್ತಿರುತ್ತದೆ. ಹಸಿರು ಮಿಶ್ರಿತ ಹಳದಿ ಬಣ್ಣದ, ದಪ್ಪನೆಯ, ಉದ್ದನೆಯ ಮೂರು ಎಸಳು. ಅರೆ ಬಿರಿದಾಗ ಎಸಳುಗಳ ತುದಿ ಮಾತ್ರ ಸ್ವಲ್ಪ ಸಡಿಲವಾಗಿರುತ್ತದೆ. ಮೆಲ್ಲಗೆ ಬಿಡಿಸಿದರೆ ಒಳಗೆ ಪುಟ್ಟ ಗೋಪುರದಂಥ ಒಂದು ದಿಂಡು ಕಾಣುತ್ತದೆ. ಅದರ ನೆತ್ತಿ ಅಂಟಂಟಾಗಿ ಹೊಳೆಯುತ್ತಿದ್ದರೆ ಆಗ ಹೂವು ಹೆಣ್ಣು. ಪರಾಗ ಬಿದ್ದರೆ ಹಿಡಿದುಕೊಳ್ಳುತ್ತದೆ. ಆಮೇಲೆ ಎಸಳುಗಳು ಪೂರಾ ಅಗಲವಾಗಿ ಬಿಡುತ್ತವೆ, ನೆತ್ತಿ ಒಣಗುತ್ತದೆ, ದಿಂಡಿನ ಸುತ್ತಲಿನ ಕೇಸರಗಳು ಸಡಿಲಗೊಂಡು ಕೆನೆ ಬಣ್ಣದ ಹುಡಿ ಉದುರಿಸುತ್ತವೆ. ಆಗ ಅದೇ ಹೂವು ಗಂಡು. ಅಂದರೆ ಹುಡಿ ಸಿದ್ಧವಾಗುವ ಹೊತ್ತಿಗೆ ಅದೇ ಹೂವಿನ ಹೆಣ್ಣು ಭಾಗದ ಬಾಗಿಲು ಮುಚ್ಚಿರುತ್ತದೆ.

ಹಾಗಾದರೆ ಒಂದೇ ಗಿಡ ಸಾಕು ಎಂಬ ಮಾತು ಸುಳ್ಳೇ? ಸುಳ್ಳಲ್ಲ, ಅರ್ಧ ನಿಜ. ಒಂದೇ ಮರದಲ್ಲಿ ಇವತ್ತು ಒಂದು ಹೂ ಹೆಣ್ಣಾಗಿದ್ದರೆ ಪಕ್ಕದ ರೆಂಬೆಯಲ್ಲಿ ಇನ್ನೊಂದು ಗಂಡಾಗಿರುತ್ತದೆ. ಆ ಹುಡಿಯನ್ನು ಈ ಹೂವು ಬೇಡವೆನ್ನುವುದಿಲ್ಲ. ಆದ್ದರಿಂದ ಜೊತೆಗೊಂದು ಮರ ಬೇಕೇ ಬೇಕು ಎಂದಿಲ್ಲ. ಆದರೆ ಹುಡಿಯನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯಲು ಯಾರಾದರೂ ಬೇಕು. ಆ ಕೆಲಸ ಜೇನುಹುಳದ್ದಲ್ಲ. ಕೊಳೆತ ಹಣ್ಣಿನ ಹತ್ತಿರ ಹರಿದಾಡುವ, ಎಳ್ಳುಕಾಳಿನ ಗಾತ್ರದ ಸಣ್ಣ ದುಂಬಿಗಳದ್ದು. ಹೂವಿನ ವಾಸನೆಗೆ ಬಂದು ಆ ದಪ್ಪ ಎಸಳುಗಳ ನಡುವೆ ನುಸುಳಿಕೊಂಡು, ಮೈಗೆ ಹುಡಿ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುವುದು ಅವೇ. ಆ ದುಂಬಿ ಇರಬೇಕು, ಇಲ್ಲವೇ ನಿಮ್ಮ ಕೈ ಇರಬೇಕು. ಈ ಎರಡೂ ಇಲ್ಲದೆ ಕಾಯಿ ಕಟ್ಟುವ ತಳಿ ಎಂದು ಯಾರಾದರೂ ಮಾರಿದರೆ, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ.

ಅದಕ್ಕೇ ತಳಿ ಆರಿಸುವ ಮೊದಲು ನಿಮ್ಮ ಮನೆಯ ಬೆಳಗನ್ನು ಲೆಕ್ಕ ಹಾಕಿ ಎನ್ನುತ್ತೇನೆ. ನಮ್ಮ ಕೆ.ಜಿ.ಎಫ್.ನ ಬೆಳಗು ಹೇಗಿರುತ್ತದೆ ಎಂದು ನಿಮಗೇ ಗೊತ್ತು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಚಾಂಪಿಯನ್ ರೀಫ್, ನಂದಿದುರ್ಗ, ಮಾರಿಕುಪ್ಪಂ ಎಲ್ಲ ಕಡೆಯಿಂದಲೂ ಜನ ಕತ್ತಲಲ್ಲೇ ಎದ್ದು ಬೆಂಗಳೂರಿನ ಟ್ರೈನು ಹಿಡಿಯುತ್ತಾರೆ. ಬಂಗಾರಪೇಟೆಯಲ್ಲಿ ಆ ಟ್ರೈನಿಗೆ ಹತ್ತುವವರು ಇನ್ನಷ್ಟು. ಸೀತಾಫಲಕ್ಕೆ ಕೈಯಿಂದ ಪರಾಗ ಹಚ್ಚುವ ಹೊತ್ತು ಬೆಳಿಗ್ಗೆ ಎಂಟು ಗಂಟೆಯೊಳಗೆ. ನೀವು ಆಗ ವೈಟ್‌ಫೀಲ್ಡ್ ದಾಟುತ್ತಿದ್ದರೆ ಬ್ರಷ್ ಹಿಡಿಯುವವರು ಯಾರು? ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದು, ಅವರ ಕಣ್ಣು ಚೆನ್ನಾಗಿದ್ದು, ಅವರಿಗೆ ಮನಸ್ಸೂ ಇದ್ದರೆ ಒಂದು ತಳಿ. ಇಲ್ಲದಿದ್ದರೆ ಬೇರೆ ತಳಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಬೆಳಿಗ್ಗೆ ಪುರುಸೊತ್ತಿಲ್ಲದವರು, ಒಂದೇ ಗಿಡಕ್ಕೆ ಜಾಗ ಇರುವವರು ಬಾಲಾನಗರ ತಂದು ಇಡಿ. ತೆಲಂಗಾಣದ ಮಹಬೂಬನಗರದ ಕಡೆಯ ಬಾಲಾನಗರದ ಹೆಸರೇ ಅದಕ್ಕೆ. ನಮ್ಮಂಥದ್ದೇ ಒಣ, ಕಲ್ಲುಮಿಶ್ರಿತ ಕೆಂಪು ನೆಲದಲ್ಲಿ ಬೆಳೆದು ಬಂದದ್ದು. ಬೀಜ ಜಾಸ್ತಿ, ಹೌದು. ಉಗುಳುತ್ತ ಕೂರಬೇಕು, ಹೌದು. ಆದರೆ ರುಚಿಗೆ ಒಂದು ಮಾತು ಹೇಳುವಂತಿಲ್ಲ, ಮತ್ತು ಮುಂಗಾರಿನ ತೇವಕ್ಕೆ ದುಂಬಿಗಳ ಕೆಲಸದಲ್ಲೇ ಮನೆಗೆ ಸಾಕಾಗುವಷ್ಟು ಕಾಯಿ ಹಿಡಿಯುತ್ತದೆ. ತಮಿಳುನಾಡಿನ ಅರುಪ್ಪುಕೋಟೈ ಸಂಶೋಧನಾ ಕೇಂದ್ರದ ಎ.ಪಿ.ಕೆ.-1 ಕೂಡ ಮಳೆಯಾಶ್ರಯದ ನೆಲಕ್ಕೆಂದೇ ಆರಿಸಿದ್ದು. ನಂಟರ ಮೂಲಕ ಸಿಕ್ಕರೆ ತರಿಸಿಕೊಳ್ಳಿ. ಇದ್ಯಾವುದೂ ಬೇಡವೆಂದರೆ ನಿಮ್ಮ ಊರಿನಲ್ಲೇ ವರ್ಷ ವರ್ಷ ತಪ್ಪದೆ ದೊಡ್ಡ ಕಾಯಿ ಬಿಡುವ ಒಂದು ನಾಟಿ ಮರವನ್ನು ಗುರುತಿಸಿ, ಅದರ ಬೀಜ ಹಾಕಿ, ಇಲ್ಲವೇ ಕಸಿ ಕಟ್ಟಿಸಿ. ಹಿತ್ತಲ ಗಿಡ ಮದ್ದಲ್ಲ ಎಂದು ಅದನ್ನು ತಾತ್ಸಾರ ಮಾಡಿ ಸಾವಿರ ಮೈಲಿ ದೂರದ ಹೆಸರಿನ ಹಿಂದೆ ಹೋಗುವುದು ನಮ್ಮವರಿಗೆ ಒಂದು ಚಟ.

ಈಗ ಎಲ್ಲರೂ ಕೇಳುವುದು ಅರ್ಕಾ ಸಹನ್. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಮಿಶ್ರತಳಿ, ಐಲ್ಯಾಂಡ್ ಜೆಮ್ ಮತ್ತು ಮ್ಯಾಮತ್ ಎಂಬ ಎರಡನ್ನು ಕೂಡಿಸಿದ್ದು. ಹಣ್ಣು ದೊಡ್ಡದು, ತಿರುಳು ಗಟ್ಟಿ, ಸಕ್ಕರೆಯಂಥ ಸಿಹಿ, 100 ಗ್ರಾಂ ಹಣ್ಣಿಗೆ ಬೀಜ ಸುಮಾರು 9. ನಿಧಾನವಾಗಿ ಮಾಗುತ್ತದೆ, ಮನೆಯಲ್ಲಿ ನಾಲ್ಕು ದಿನ ಇಟ್ಟುಕೊಳ್ಳಬಹುದು. ಚೆನ್ನಾಗಿಲ್ಲ ಎಂದು ಯಾರು ಹೇಳಿದರು? ಆದರೆ ಇದು ಅಪ್ಪಟ ಸೀತಾಫಲವಲ್ಲ. ಐಲ್ಯಾಂಡ್ ಜೆಮ್ ಎಂಬುದರಲ್ಲಿ ದಕ್ಷಿಣ ಅಮೆರಿಕದ ತಂಪು ಬೆಟ್ಟಗಳ ಚೆರಿಮೋಯಾದ ರಕ್ತ ಇದೆ. ಸೀತಾಫಲಕ್ಕೂ ಚೆರಿಮೋಯಾಕ್ಕೂ ಮೊದಲ ಸಲ ಕೂಡಿಕೆ ಮಾಡಿದ್ದು 1908ರಲ್ಲಿ, ಅಮೆರಿಕದ ಮಯಾಮಿಯಲ್ಲಿ, ಪಿ. ಜೆ. ವೆಸ್ಟರ್ ಎಂಬ ತೋಟಗಾರಿಕಾ ತಜ್ಞರು. ಆ ಸಂತತಿಯ ಬಹಳಷ್ಟು ತಳಿಗಳಿಗೆ ಹಣ್ಣು ದೊಡ್ಡದಾದರೂ ತಾನಾಗಿ ಕಾಯಿ ಹಿಡಿಯುವ ಗುಣ ಕಡಿಮೆ. ತೈವಾನಿನಲ್ಲಿ ಇಂಥ ತೋಟ ಮಾಡುವವರು ಹೂವು ಹೂವಿಗೂ ಕೈಯಿಂದಲೇ ಪರಾಗ ಹಚ್ಚುತ್ತಾರೆ. ಅರ್ಕಾ ಸಹನ್‌ಗೂ ಹಾಗೆಯೇ, ಸಾಮಾನ್ಯ ಸೀತಾಫಲದ ಹೂವಿನ ಹುಡಿಯನ್ನು ಕೈಯಿಂದ ಹಚ್ಚಿದರೆ ಕಾಯಿ ನಿಲ್ಲುತ್ತದೆ, ಗುಂಡಗೆ ಬೆಳೆಯುತ್ತದೆ. ಹಚ್ಚದಿದ್ದರೆ ಅಲ್ಲೊಂದು ಇಲ್ಲೊಂದು, ಅದೂ ಒಂದು ಪಕ್ಕ ಚಪ್ಪಟೆ.

ಹಾಗಾಗಿ ಎರಡು ಗಿಡಕ್ಕೆ ಜಾಗವಿದ್ದು, ಬೆಳಿಗ್ಗೆ ಕೈ ಬಿಡುವಿದ್ದರೆ ಮೊದಲು ಒಂದು ಬಾಲಾನಗರ ಇಡಿ, ಪಕ್ಕದಲ್ಲಿ ಒಂದು ಅರ್ಕಾ ಸಹನ್ ಇಡಿ. ಮೊದಲನೆಯದು ಹುಡಿ ಕೊಡುತ್ತದೆ, ಎರಡನೆಯದು ಹಣ್ಣು ಕೊಡುತ್ತದೆ, ಎರಡನೆಯದು ಕೈಕೊಟ್ಟ ವರ್ಷ ಮೊದಲನೆಯದು ಮನೆಯ ಮಾನ ಉಳಿಸುತ್ತದೆ. ಒಂದೇ ಒಂದು ಅರ್ಕಾ ಸಹನ್ ತಂದು ಮೂಲೆಯಲ್ಲಿ ಇಟ್ಟು ಮರೆತುಬಿಡುವುದು ಮಾತ್ರ ಬೇಡ. ತಿಂದ ಅರ್ಕಾ ಸಹನ್ ಹಣ್ಣಿನ ಬೀಜ ನೆಟ್ಟು ಅದೇ ಹಣ್ಣು ಬರುತ್ತದೆ ಎಂದು ಕಾಯುವುದಂತೂ ಬೇಡವೇ ಬೇಡ. ಮಿಶ್ರತಳಿಯ ಬೀಜ ತಾಯಿಯನ್ನು ಹೋಲುವುದಿಲ್ಲ. ಕಸಿ ಗಿಡವೇ ಆಗಬೇಕು.

ಮಹಾರಾಷ್ಟ್ರದ ಬಾರ್ಶಿ ತಾಲ್ಲೂಕಿನ ರೈತ ನವನಾಥ ಕಸ್ಪಟೆಯವರು ಬೆಳೆಸಿದ ಎನ್.ಎಂ.ಕೆ.-1 ಗೋಲ್ಡನ್ ಬಗ್ಗೆಯೂ ಕೇಳುತ್ತೀರಿ. ಒಳ್ಳೆಯ ತಳಿ, ಬೀಜ ಕಡಿಮೆ, ತಿರುಳು ಹೆಚ್ಚು. ಆದರೆ ಹೆಸರು ದೊಡ್ಡದಾದಷ್ಟೂ ಚೀಟಿ ಒಂದರದು, ಗಿಡ ಇನ್ನೊಂದರದು ಆಗುವ ಭಯ ಹೆಚ್ಚು. ಬಿಲ್ಲು ಕೇಳಿ ತೆಗೆದುಕೊಳ್ಳಿ. ಕೆಂಪು ಸೀತಾಫಲ ನೋಡಲು ಚೆಂದ, ತಿನ್ನಲು ಅಷ್ಟಕ್ಕಷ್ಟೆ. ಇಸ್ರೇಲಿನಿಂದ ಬಂದ ಗೆಫ್ನರ್ ಎಂಬುದು ಚೆರಿಮೋಯಾ ಸಂತತಿಯದಾದರೂ ಕೈ ಹಚ್ಚದೆ ಕಾಯಿ ಹಿಡಿಯುತ್ತದೆ ಎಂದು ಫ್ಲಾರಿಡಾದ ಹಿತ್ತಲುಗಳಲ್ಲಿ ಹೆಸರು ಮಾಡಿದೆ. ನಿಜವಾದ ಸೆಲ್ಫ್ ಪಾಲಿನೇಷನ್ ಖ್ಯಾತಿ ಇರುವುದು ಅದಕ್ಕೆ. ಅದೇ ಹೆಸರು ಹೇಳಿ ಇಲ್ಲಿ ಯಾರಾದರೂ ಮಾರಿದರೆ ತಾಯಿ ಮರ ತೋರಿಸಿ ಎನ್ನಿ. ಬೇಸಿಗೆಯ ಮೊದಲೇ ಹಣ್ಣು ಬೇಕೆನ್ನುವವರು ಒಂದು ರಾಮಫಲ ಇಟ್ಟುಕೊಂಡರೆ ಕಾಲ ಹಂಚಿಹೋಗುತ್ತದೆ.

ಗಿಡ ಎಲ್ಲಿ ತರಬೇಕು? ಹೆಸರಘಟ್ಟಕ್ಕೆ ಹೋಗುವುದಾದರೆ ಮೊದಲೇ ವಿಚಾರಿಸಿ ಹೋಗಿ, ಬೇಡಿಕೆ ಜಾಸ್ತಿ. ಹತ್ತಿರದಲ್ಲಿ ಕೋಲಾರದ ಟಮಕದಲ್ಲಿ ತೋಟಗಾರಿಕಾ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ. ಕೇಳಿದರೆ ದಾರಿ ಹೇಳುತ್ತಾರೆ. ಕಸಿ ಗಂಟು ಗಟ್ಟಿಯಾಗಿ ಕೂಡಿರಬೇಕು, ಎಲೆಯ ತಳದಲ್ಲಿ ಬಿಳಿ ಹಿಟ್ಟು ಇರಬಾರದು, ಕವರಿನ ತಳ ಸೀಳಿ ಬೇರು ಸುತ್ತಿಕೊಂಡಿರಬಾರದು. ಆಳೆತ್ತರದ ಗಿಡಕ್ಕೆ ಆಸೆ ಪಡಬೇಡಿ, ಎರಡು ಅಡಿಯ ಗಟ್ಟಿ ಗಿಡ ಅದಕ್ಕಿಂತ ಮೊದಲು ಬೇರೂರುತ್ತದೆ. ನೆಟ್ಟ ಮೇಲೆ ಕಸಿ ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡ ಕೂಡಲೇ ಚಿವುಟಿ. "ಪಾಪ, ಚೆನ್ನಾಗಿ ಬೆಳೀತಿದೆ" ಎಂದು ಬಿಟ್ಟರೆ ಮೇಲಿನ ಒಳ್ಳೆಯ ತಳಿ ಸೊರಗಿ, ಕೆಳಗಿನ ಕಾಡುಗಿಡ ಮರವಾಗುತ್ತದೆ. ಎಷ್ಟೋ ಮನೆಗಳಲ್ಲಿ ತಳಿ ಕೆಟ್ಟದ್ದಲ್ಲ, ತಳಿಯೇ ಉಳಿದಿಲ್ಲ.

ಈಗ ಕೈ ಕೆಲಸ. ಕೈ ಕೆಸರಾದರೆ ಬಾಯಿ ಮೊಸರು, ಇಲ್ಲಿ ಕೆಸರೂ ಇಲ್ಲ, ಬರೀ ಹುಡಿ. ಬೆಳಿಗ್ಗೆ ಬೇಗ ಬಾಲಾನಗರದ ಪೂರ್ತಿ ಬಿರಿದ ಹೂವುಗಳನ್ನು ಕಿತ್ತು ಒಂದು ಒಣ ಸ್ಟೀಲ್ ಬಟ್ಟಲಿನಲ್ಲಿ ಕೊಡವಿ. ಕೇಸರ ಮತ್ತು ಕೆನೆ ಬಣ್ಣದ ಹುಡಿ ಬೀಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಬೆವರಿ ಮುದ್ದೆಯಾಗುತ್ತದೆ. ಮಕ್ಕಳ ಚಿತ್ರಕಲೆಯ ಸಣ್ಣ ಮೆತ್ತನೆ ಬ್ರಷ್ ತೆಗೆದುಕೊಂಡು, ಅರ್ಕಾ ಸಹನ್‌ನ ಅರೆ ಬಿರಿದ ಹೂವಿನ ಒಂದು ಎಸಳನ್ನು ಬೆರಳಿನಿಂದ ಸ್ವಲ್ಪ ಸರಿಸಿ, ಆ ಅಂಟು ನೆತ್ತಿಯ ಸುತ್ತಲೂ ಹಚ್ಚಿ. ಸುತ್ತಲೂ ಎಂದೆ, ಒಂದು ಕಡೆ ಅಲ್ಲ. ಹುಡಿ ತಾಗದ ಪಕ್ಕ ತುಂಬಿಕೊಳ್ಳುವುದಿಲ್ಲ, ಕಾಯಿ ಸೊಟ್ಟಗಾಗುವುದು ಅದಕ್ಕೇ. ರೆಂಬೆಯ ತುದಿಯ ಸಣಕಲು ಹೂವು ಬಿಟ್ಟು, ದಪ್ಪ ಕೊಂಬೆಗಳಿಗೆ ಹತ್ತಿರದ ಹೂವುಗಳಿಗೆ ಹಚ್ಚಿ, ಭಾರ ತಡೆಯುತ್ತವೆ. ಎಲ್ಲ ಹೂವಿಗೂ ಹಚ್ಚಿ ಮರ ಮುರಿಯಬೇಡಿ. ಕೆಲವು ದಿನಗಳಲ್ಲಿ ಎಸಳು ಉದುರಿ ಹಸಿರು ಮಣಿ ಉಳಿದರೆ ಕೆಲಸ ಆಗಿದೆ. ಹೂವು ಪೂರಾ ಒಣಗಿ ಬಿದ್ದರೆ ಆಗಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಹೂ ಉದುರಿದರೆ ಗೋಳಾಡಬೇಡಿ. ಆ ಒಣ ಬಿಸಿಗಾಳಿಗೆ ಅಂಟು ನೆತ್ತಿ ಬೇಗ ಒಣಗಿಬಿಡುತ್ತದೆ, ಯಾವ ತಳಿಯೂ ಏನೂ ಮಾಡಲಾಗದು. ಮೃಗಶಿರಾ, ಆರಿದ್ರಾ ಮಳೆ ಬಿದ್ದು ಗಾಳಿಯಲ್ಲಿ ತೇವ ಬಂದಾಗ ಕಾಯಿ ನಿಲ್ಲುತ್ತದೆ. ಅಲ್ಲಿಯವರೆಗೆ ಬುಡಕ್ಕೆ ರಾಗಿ ಹುಲ್ಲು ಹೊದಿಸಿ, ಸಂಜೆ ಪಾತಿಗೆ ಒಂದೆರಡು ಬಕೆಟ್ ನೀರು ಚಿಮುಕಿಸಿ. ದುಂಬಿ ಕರೆಯಲು ಹಲಸಿನ ತ್ಯಾಜ್ಯ, ಅನಾನಸ್ ಸಿಪ್ಪೆ, ಕೊಳೆತ ಬಾಳೆಹಣ್ಣು ಮರದ ಕೆಳಗೆ ಒಂದು ಮೂಲೆಯಲ್ಲಿ ಹಾಕಿ. ಅಂಗಳ ಕನ್ನಡಿಯಂತೆ ಗುಡಿಸಿಡುವ ನಿಮಗೆ ಇದು ಸಹಿಸದು, ಗೊತ್ತು. ಹೂವಿನ ಎರಡು ತಿಂಗಳು ಸಹಿಸಿಕೊಳ್ಳಿ. ಮತ್ತು ಆ ಎರಡು ತಿಂಗಳು ಯಾವ ಕೀಟನಾಶಕವೂ ಬೇಡ. ಮಾವಿಗೆ ಹೊಡೆದು ಉಳಿದದ್ದು, ಟೊಮೇಟೊಗೆ ತಂದು ಮಿಕ್ಕದ್ದು ಎಂದು ಸೀತಾಫಲಕ್ಕೂ ಒಂದು ಕೈ ಹೊಡೆಯುವ ಅಭ್ಯಾಸ ನಮ್ಮ ಕೋಲಾರದ ಕಡೆ ವಿಪರೀತ. ಉಚಿತವಾಗಿ ದುಡಿಯುವ ಕೂಲಿಯನ್ನು ನಾವೇ ಕೊಂದು, ಆಮೇಲೆ ತಳಿ ಸರಿಯಿಲ್ಲ ಎನ್ನುತ್ತೇವೆ.

ನೆಡುವ ಜಾಗದ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಗಣಿಯ ಸೈನೈಡ್ ಗುಡ್ಡದ ಮಣ್ಣು ನುಣ್ಣಗಿದೆ, ಬಿಟ್ಟಿ ಸಿಗುತ್ತದೆ ಎಂದು ಗುಂಡಿಗೆ ಬೆರೆಸಬೇಡಿ. ಅದು ಮಣ್ಣಲ್ಲ, ಚಿನ್ನ ತೆಗೆಯಲು ಅರೆದು, ಸೈನೈಡ್ ನೀರಿನಲ್ಲಿ ತೊಳೆದು ಬಿಸಾಡಿದ ಕಲ್ಲಿನ ಹುಡಿ. ತಿನ್ನುವ ಹಣ್ಣಿನ ಗಿಡದ ಹತ್ತಿರಕ್ಕೂ ತರಬಾರದು. ನಮ್ಮ ಕೆಂಪು ಮಣ್ಣೇ ಸಾಕು. ಎರಡಡಿ ಉದ್ದ, ಅಗಲ, ಆಳದ ಗುಂಡಿ, ಮೇಲ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಎರಡು ಗಿಡದ ನಡುವೆ ಹದಿನೈದು ಅಡಿ. ಗಣಿ ಕಾಲದ ಲೈನ್ ಮನೆಯವರಿಗೆ ಅಷ್ಟು ಜಾಗ ಎಲ್ಲಿ ಎನ್ನುತ್ತೀರಾ? ಹಾಗಿದ್ದರೆ ಒಂದೇ ಬಾಲಾನಗರ ಇಟ್ಟು ಕತ್ತರಿಸಿ ಚಿಕ್ಕದಾಗಿಯೇ ಇಟ್ಟುಕೊಳ್ಳಿ. ಬಚ್ಚಲ ನೀರು ಬಂದು ನಿಲ್ಲುವ ಜಾಗ ಮಾತ್ರ ಬೇಡ. ಬರ ತಡೆಯುವ ಈ ಗಿಡ ನಿಂತ ನೀರು ತಡೆಯುವುದಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಮೊದಲ ಎರಡು ವರ್ಷದಲ್ಲೇ ಮೂರು ನಾಲ್ಕು ಕೊಂಬೆ ಸುತ್ತಲೂ ಹರಡುವಂತೆ ಉಳಿಸಿ, ಮಿಕ್ಕದ್ದು ತೆಗೆಯಿರಿ. ಕೈಗೆಟುಕುವ ಎತ್ತರದಲ್ಲಿ ಹೂ ಬಂದರೆ ತಾನೇ ಬ್ರಷ್ ಹಿಡಿಯುವುದು? ಚಳಿಗಾಲದಲ್ಲಿ ಎಲೆ ಉದುರುವಾಗ ಗಾಬರಿಯಾಗಿ ನೀರು ಸುರಿಯಬೇಡಿ, ಅದು ನಿದ್ದೆ ಮಾಡಲಿ. ಇದರ ಚಿಗುರುಗಣ್ಣು ಎಲೆಯ ತೊಟ್ಟಿನ ಬುಡದೊಳಗೇ ಅಡಗಿರುತ್ತದೆ. ಎಲೆ ಬಿದ್ದರೆ ಮಾತ್ರ ಅದಕ್ಕೆ ಹೊರಬರಲು ದಾರಿ. ಎಲೆ ಉದುರಿದ ಮೇಲೆ ಒಣಗಿದ, ಒಂದಕ್ಕೊಂದು ಉಜ್ಜುವ ರೆಂಬೆ ಸವರಿ. ಬೇಸಿಗೆಯ ಹೊಸ ಚಿಗುರಿನೊಂದಿಗೇ ಹೂ ಬರುತ್ತದೆ.

ಹಿಟ್ಟು ತಿಗಣೆ ಬಂದೇ ಬರುತ್ತದೆ. ಅದನ್ನು ಮೇಲಕ್ಕೆ ಸಾಗಿಸಿ ಕಾಪಾಡುವುದು ಇರುವೆ. ಕಾಂಡಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲೆ ಗ್ರೀಸ್ ಸವರಿ, ತೊಗಟೆಗೇ ಗ್ರೀಸ್ ಬಳಿಯಬೇಡಿ. ಕಾಯಿಗೆ ಅಂಟಿದ ಹಿಟ್ಟನ್ನು ನೀರಿನ ರಭಸಕ್ಕೆ ತೊಳೆಯಿರಿ. ಅದನ್ನು ತಿನ್ನುವ ಗುಲಗಂಜಿ ಹುಳು ಕಂಡರೆ ಹೊಸಕಬೇಡಿ.

ಇನ್ನು ಕೀಳುವುದು. ಆತುರಗಾರನಿಗೆ ಬುದ್ಧಿ ಮಟ್ಟ. ಕಾಯಿ ಕಟ್ಟಿದ ಮೇಲೆ ಸುಮಾರು ನಾಲ್ಕು ತಿಂಗಳು ಬೇಕು. ಕಾಯಿ ಕಣ್ಣು ಬಿಟ್ಟು, ಕಣ್ಣುಗಳ ನಡುವಿನ ಗೆರೆ ಕೆನೆ ಬಣ್ಣಕ್ಕೆ ತಿರುಗಿದ ಮೇಲೆ ತೊಟ್ಟು ಸಮೇತ ಕತ್ತರಿಸಿ. ಅದಕ್ಕೆ ಮೊದಲೇ ಕಿತ್ತು ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಕಲ್ಲಾಗುತ್ತದೆ, ಹಣ್ಣಾಗುವುದಿಲ್ಲ. ಮಾಗದ ಕಾಯಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಸಿಪ್ಪೆ ಕಪ್ಪಾಗುತ್ತದೆ. ಪಾಯಸ ಮಾಡುವವರು ಹಾಲು ಪೂರ್ತಿ ತಣ್ಣಗಾದ ಮೇಲೆ ತಿರುಳು ಬೆರೆಸಿ, ಕುದಿಸಿದರೆ ಕಹಿ. ಬೀಜವನ್ನು ಅರೆದು ಮಕ್ಕಳ ತಲೆಗೆ ಹೇನಿಗೆಂದು ಹಚ್ಚುವ ಹಳೆಯ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಅದನ್ನು ಇವತ್ತಿಗೇ ಬಿಡಿ. ಆ ಹುಡಿ ಕಣ್ಣಿಗೆ ಬಿದ್ದರೆ ಕಣ್ಣು ಸುಟ್ಟಂತಾಗಿ ಆಸ್ಪತ್ರೆ ಸೇರಬೇಕಾಗುತ್ತದೆ.

ಈ ಮುಂಗಾರಿಗೆ ಗಿಡ ಇಡುವ ಯೋಚನೆ ಇದ್ದರೆ ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ, ಹದಿನೈದು ದಿನ ಬಿಸಿಲಿಗೆ ಬಿಡಿ. ನರ್ಸರಿಗೆ ಹೋಗುವ ಮುನ್ನ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಬೆಳಿಗ್ಗೆ ಬ್ರಷ್ ಹಿಡಿಯುವವರು ಯಾರು ಎಂದು ಕೇಳಿ. ಯಾರೂ ಕೈ ಎತ್ತದಿದ್ದರೆ ಬಾಲಾನಗರ ಎಂದು ಚೀಟಿಯಲ್ಲಿ ಬರೆದುಕೊಂಡು ಹೊರಡಿ.